ಕಳೆಯುವ ಲೆಕ್ಕ: ಶೇಷ, ಅಂತರ, ಕೊರತೆ

ಒಂದು ಸಂಖ್ಯೆಯಿಂದ ಇನ್ನೊಂದನ್ನು ತೆಗೆದರೆ ಎಷ್ಟು ಉಳಿಯುತ್ತದೆ ಎಂದು ಕಂಡುಹಿಡಿಯುವ ಕ್ರಿಯೆಗೆ ವ್ಯವಕಲನ ಎಂದು ಹೆಸರು. ಆಡುಮಾತಿನಲ್ಲಿ ಅದು ಕಳೆಯುವ ಲೆಕ್ಕ. ಶಾಲೆಯಲ್ಲಿ ಮಕ್ಕಳು ಮೊದಲು ಕಲಿಯುವುದು ಈ ಅರ್ಥವನ್ನೇ: ಐದರಲ್ಲಿ ಮೂರು ಹೋದರೆ ಎರಡು. ಇದು ತಪ್ಪಲ್ಲ, ಆದರೆ ಇಷ್ಟೇ ಪೂರ್ತಿಯೂ ಅಲ್ಲ. ಗಣಿತಶಾಸ್ತ್ರ ಕೊಡುವ ವ್ಯಾಖ್ಯೆಯಲ್ಲಿ ತೆಗೆಯುವ ಮಾತೇ ಇಲ್ಲ. ಎರಡನೆಯ ಸಂಖ್ಯೆಗೆ ಎಷ್ಟು ಕೂಡಿದರೆ ಮೊದಲನೆಯದು ಸಿಗುತ್ತದೋ ಅಷ್ಟು ಉತ್ತರ. ಐದಕ್ಕೆ ಎಂಟು ಕೂಡಿದರೆ ಹದಿಮೂರು ಆಗುವುದರಿಂದ 13 − 5 = 8. ಹೀಗೆ ವ್ಯವಕಲನವು ಸಂಕಲನದ ವಿಲೋಮ ಕ್ರಿಯೆ. ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಮತ್ತೆ ಕೂಡಿ ತಾಳೆ ನೋಡುವ ರೂಢಿಗೆ ಆಧಾರ ಇದೇ.

ಈ ಕ್ರಿಯೆಯ ಅಂಗಗಳು ಮೂರು. ಸಂಸ್ಕೃತದ ಗಣಿತಗ್ರಂಥಗಳಲ್ಲಿ ಯಾವುದರಿಂದ ಕಳೆಯಬೇಕೋ ಅದು ವಿಯೋಜ್ಯ ಅಥವಾ ಸರ್ವಧನ, ಕಳೆಯುವ ಸಂಖ್ಯೆ ವಿಯೋಜಕ, ಬಂದ ಉತ್ತರ ಶೇಷ ಅಥವಾ ಅಂತರ. ಕ್ರಿಯೆಗೂ ಒಂದೇ ಹೆಸರಿರಲಿಲ್ಲ: ವ್ಯವಕಲನ, ವ್ಯುತ್ಕಲಿತ, ಶೋಧನ, ಪಾತನ, ವಿಯೋಗ ಎಲ್ಲವೂ ಬಳಕೆಯಲ್ಲಿದ್ದವು. ಹತ್ತನೆಯ ಶತಮಾನದ ಎರಡನೆಯ ಆರ್ಯಭಟ ತನ್ನ ಮಹಾಸಿದ್ಧಾಂತದಲ್ಲಿ ಸರ್ವಧನದಿಂದ ತೆಗೆಯುವುದನ್ನು ವ್ಯವಕಲನವೆಂದೂ ಉಳಿದದ್ದನ್ನು ಶೇಷವೆಂದೂ ಹೇಳಿದ್ದಾನೆ. ಉತ್ತರಕ್ಕೆ ಶೇಷ, ಅಂತರ ಎಂಬ ಎರಡು ಹೆಸರುಗಳು ಒಟ್ಟಿಗೇ ಬಳಕೆಯಲ್ಲಿದ್ದುದಕ್ಕೆ ಕಾರಣವಿದೆ. ಒಂದೇ ಕ್ರಿಯೆಯಿಂದ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ, ಮತ್ತು ಆ ಉತ್ತರಗಳ ಅರ್ಥ ಒಂದೇ ಅಲ್ಲ.

ಮೊದಲನೆಯ ಪ್ರಶ್ನೆ ಉಳಿಕೆಯದು. ಬುಟ್ಟಿಯಲ್ಲಿ 13 ನಿಂಬೆಹಣ್ಣುಗಳಿದ್ದವು, 5 ಖರ್ಚಾದವು, ಉಳಿದವೆಷ್ಟು? ಇಲ್ಲಿ ಒಂದೇ ರಾಶಿ ಇದೆ, ಅದು ಕರಗುತ್ತದೆ. ಎರಡನೆಯದು ಹೋಲಿಕೆಯ ಪ್ರಶ್ನೆ. ಅಕ್ಕನಿಗೆ 13 ವರ್ಷ, ತಮ್ಮನಿಗೆ 5. ಇಬ್ಬರ ನಡುವೆ ಎಷ್ಟು ಅಂತರ? ಇಲ್ಲಿ ಏನೂ ಹೋಗುವುದಿಲ್ಲ, ಎರಡು ಅಳತೆಗಳು ಅಕ್ಕಪಕ್ಕದಲ್ಲಿ ಹಾಗೇ ಇರುತ್ತವೆ. ಮೂರನೆಯದು ಕೊರತೆಯ ಪ್ರಶ್ನೆ. ಪುಸ್ತಕಕ್ಕೆ 13 ರೂಪಾಯಿ ಬೇಕು, ಕೈಯಲ್ಲಿರುವುದು 5. ಇನ್ನೆಷ್ಟು ಬೇಕು? ಇಲ್ಲಿ ಏನೂ ಹೋಗುವುದಿರಲಿ, ಬರಬೇಕಾದದ್ದೇ ಇದೆ. ಮೂರಕ್ಕೂ ಉತ್ತರ ಎಂಟೇ, ಆದರೆ ಮೊದಲನೆಯ ಎಂಟು ಕೈಗೆ ಸಿಗುವ ನಿಂಬೆಹಣ್ಣುಗಳು, ಎರಡನೆಯದು ಎರಡು ವಯಸ್ಸುಗಳ ನಡುವಿನ ಸಂಬಂಧ, ಮೂರನೆಯದು ಇನ್ನೂ ಬಾರದ ಹಣ.

ಮಕ್ಕಳು ಕಳೆಯುವ ಲೆಕ್ಕದಲ್ಲಿ ಎಡವುವುದು ಬಹುಪಾಲು ಇಲ್ಲಿಯೇ, ಅಂಕಿಗಳಲ್ಲಿ ಅಲ್ಲ. ಕಳೆಯುವುದೆಂದರೆ ತೆಗೆಯುವುದು ಎಂದಷ್ಟೇ ಕಲಿತ ಮಗುವಿಗೆ ಅಂತರದ ಪ್ರಶ್ನೆಯಲ್ಲಿ ತೆಗೆಯಲು ಏನೂ ಕಾಣುವುದಿಲ್ಲ. ಇದನ್ನು ದಾಟಿಸಲು ಪ್ರಶ್ನೆಯಲ್ಲಿನ ಪದ ನೋಡಿ ಕ್ರಿಯೆ ಗುರುತಿಸುವ ಉಪಾಯ ಹೇಳಿಕೊಡುವುದುಂಟು: ಹೆಚ್ಚು, ಒಟ್ಟು ಎಂದಿದ್ದರೆ ಕೂಡು, ಕಡಿಮೆ, ಉಳಿದ ಎಂದಿದ್ದರೆ ಕಳೆ. ಈ ಉಪಾಯ ಅಪಾಯಕಾರಿ. ರಾಜುವಿನ ಬಳಿ 8 ಗೋಲಿಗಳಿವೆ, ಅವು ಬಸುವಿನ ಬಳಿ ಇರುವುದಕ್ಕಿಂತ 3 ಹೆಚ್ಚು, ಹಾಗಾದರೆ ಬಸುವಿನ ಬಳಿ ಎಷ್ಟು? ಹೆಚ್ಚು ಎಂಬ ಪದ ಕಂಡೊಡನೆ ಕೂಡಿದ ಮಗು 11 ಎಂದು ಬರೆಯುತ್ತದೆ. ಸರಿಯುತ್ತರ 5. ಪದವನ್ನು ಹಿಡಿದು ಹೊರಟರೆ ತಪ್ಪುತ್ತದೆ, ಯಾರ ಬಳಿ ಜಾಸ್ತಿ ಇದೆ ಎಂದು ಮೊದಲು ಕೇಳಿಕೊಂಡರೆ ತಪ್ಪುವುದಿಲ್ಲ.

ವ್ಯವಹಾರದ ಕನ್ನಡ ಈ ಮೂರು ಅರ್ಥಗಳನ್ನು ಬಹಳ ಹಿಂದಿನಿಂದಲೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಆರಂಭ ಶಿಲ್ಕಿಗೆ ದಿನದ ಜಮಾ ಕೂಡಿ ಖರ್ಚು ಕಳೆದರೆ ಸಿಗುವುದು ಆಖೈರು ಶಿಲ್ಕು, ಅದು ಉಳಿಕೆ. ಕೊಡಬೇಕಾದ ಸಾಲದಲ್ಲಿ ಕೊಟ್ಟದ್ದನ್ನು ಕಳೆದರೆ ಬಾಕಿ, ಅದು ಕೊರತೆ. ಕೂಲಿಯಿಂದ ಮುಂಗಡವನ್ನು ಮುರಿದುಕೊಳ್ಳುತ್ತಾರೆ, ಸಂಬಳದಿಂದ ಕಡಿತ ಮಾಡುತ್ತಾರೆ, ಬೆಲೆಯಲ್ಲಿ ರಿಯಾಯಿತಿ ಬಿಡುತ್ತಾರೆ. ಚೀಲದ ಸಮೇತ ತೂಗಿದ್ದು ಒಟ್ಟು ತೂಕ, ಚೀಲದ ಭಾರ ವಜಾ ಮಾಡಿದರೆ ನಿವ್ವಳ ತೂಕ. ಲೆಕ್ಕ ಎಲ್ಲ ಕಡೆಯೂ ಒಂದೇ ಆದರೂ ಯಾರು ಯಾರಿಗೆ ಕೊಡಬೇಕು, ಯಾರ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ಈ ಪದಗಳೇ ಹೇಳುತ್ತವೆ. ಶಾಲೆಯ ವ್ಯವಕಲನದ ಪಾಠ ಈ ಪದಗಳಿಂದಲೇ ಶುರುವಾದರೆ ಎಷ್ಟೋ ಗೊಂದಲ ತಪ್ಪೀತು.

ಕ್ರಿಯೆಯ ಗುಣಗಳನ್ನು ನೋಡಿದರೆ ವ್ಯವಕಲನ ಸಂಕಲನದಷ್ಟು ಸಲೀಸಲ್ಲ. 5 + 3 ಮತ್ತು 3 + 5 ಒಂದೇ, ಆದರೆ 5 − 3 ಮತ್ತು 3 − 5 ಒಂದೇ ಅಲ್ಲ. ಆದ್ದರಿಂದ ಪರಿವರ್ತನೀಯ ಗುಣ ಇದಕ್ಕಿಲ್ಲ. ಸಹವರ್ತನೀಯ ಗುಣವೂ ಇಲ್ಲ: 9 − 4 − 2 ಎಂಬುದನ್ನು ಎಡದಿಂದ ಮಾಡಿದರೆ 3, ಮೊದಲು 4 − 2 ಮಾಡಿಕೊಂಡು ಅದನ್ನು 9ರಿಂದ ಕಳೆದರೆ 7. ಆವರಣ ಇಲ್ಲದಿದ್ದಾಗ ಎಡದಿಂದ ಬಲಕ್ಕೆ ಮಾಡಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಒಂದು ಗುಣ ಮಾತ್ರ ಬಹಳ ಉಪಯುಕ್ತ. ಎರಡೂ ಸಂಖ್ಯೆಗಳಿಗೆ ಒಂದೇ ಮೊತ್ತವನ್ನು ಕೂಡಿದರೆ ಅಂತರ ಬದಲಾಗುವುದಿಲ್ಲ. 43 − 17 ಕಷ್ಟವೆನಿಸಿದರೆ ಎರಡಕ್ಕೂ 3 ಕೂಡಿ 46 − 20 ಮಾಡಿಕೊಳ್ಳಬಹುದು, ಉತ್ತರ 26. ಉಷ್ಣತೆಯ ಲೆಕ್ಕದಲ್ಲಿ ಆಗಾಗ ಆಗುವ ಒಂದು ತಪ್ಪಿಗೂ ಈ ಗುಣ ಮರೆತದ್ದೇ ಕಾರಣ. 20 ಡಿಗ್ರಿ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟ್‌ಗೆ ತರಲು 1.8ರಿಂದ ಗುಣಿಸಿ 32 ಕೂಡಬೇಕು, ಆದರೆ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದೆ ಎಂಬುದನ್ನು ತರುವಾಗ ಗುಣಿಸಿದರೆ ಸಾಕು, 32 ಕೂಡಬಾರದು. ಏರಿಕೆ ಒಂದು ಅಂತರ. ಎರಡೂ ಕಡೆಯ 32 ಕಳೆದುಹೋಗಿ ಉಳಿಯುವುದು ಬರೀ 18 ಡಿಗ್ರಿ.

ಬರೆದು ಕಳೆಯುವ ವಿಧಾನಗಳಲ್ಲಿ ತೊಡಕು ಬರುವುದು ಮೇಲಿನ ಅಂಕಿ ಕೆಳಗಿನದಕ್ಕಿಂತ ಚಿಕ್ಕದಾದಾಗ. 52ರಿಂದ 27 ಕಳೆಯಬೇಕು. ಎರಡರಲ್ಲಿ ಏಳು ಹೋಗುವುದಿಲ್ಲ. ಆಗ ಐದು ಹತ್ತುಗಳಲ್ಲಿ ಒಂದನ್ನು ಬಿಡಿಸಿ ಹತ್ತು ಬಿಡಿಗಳಾಗಿ ಮಾಡಿ, ಇದ್ದ ಎರಡಕ್ಕೆ ಸೇರಿಸಿದರೆ 12. ಹನ್ನೆರಡರಲ್ಲಿ ಏಳು ಹೋದರೆ ಐದು. ಹತ್ತರ ಸ್ಥಾನದಲ್ಲಿ ಈಗ ಉಳಿದಿರುವುದು ನಾಲ್ಕು, ಅದರಲ್ಲಿ ಎರಡು ಹೋದರೆ ಎರಡು. ಉತ್ತರ 25. ಇನ್ನೊಂದು ವಿಧಾನದಲ್ಲಿ ಮೇಲಿನ ಬಿಡಿಸ್ಥಾನಕ್ಕೆ ಹತ್ತು ಬಿಡಿಗಳನ್ನೂ ಕೆಳಗಿನ ಹತ್ತರ ಸ್ಥಾನಕ್ಕೆ ಒಂದು ಹತ್ತನ್ನೂ ಕೂಡುತ್ತಾರೆ. ಆಗ ಹನ್ನೆರಡರಲ್ಲಿ ಏಳು ಹೋದರೆ ಐದು, ಐದರಲ್ಲಿ ಮೂರು ಹೋದರೆ ಎರಡು. ಎರಡೂ ಸಂಖ್ಯೆಗಳಿಗೆ ಸಮಾನವಾಗಿ ಕೂಡಿದ್ದರಿಂದ ಅಂತರ ಹಾಗೇ ಇರುತ್ತದೆ. ಬ್ರಿಟನ್ನಿನ ಶಾಲೆಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಈ ಎರಡನೆಯ ವಿಧಾನ ವ್ಯಾಪಕವಾಗಿತ್ತು. ಅಮೆರಿಕದಲ್ಲಿ ಮೊದಲನೆಯದು ನೆಲೆಯೂರಲು ವಿಲಿಯಂ ಬ್ರೌನೆಲ್ ಎಂಬ ಶಿಕ್ಷಣತಜ್ಞರು 1940ರ ದಶಕದಲ್ಲಿ ಮೂರನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಮುಖ್ಯ ಕಾರಣವಾಯಿತು. ಏಕೆ ಹೀಗೆ ಮಾಡುತ್ತೇವೆ ಎಂದು ಅರ್ಥ ಮಾಡಿಸಿ ಕಲಿಸುವುದಕ್ಕೆ ಬಿಡಿಸುವ ವಿಧಾನವೇ ಹೆಚ್ಚು ಒಗ್ಗುತ್ತದೆ ಎಂಬುದು ಅದರಿಂದ ಹೊರಟ ತೀರ್ಮಾನ.

ಬಿಡಿಸುವ ಈ ಹೆಜ್ಜೆಗೆ ತರಗತಿಯಲ್ಲಿ ಸಾಲ ತರುವುದು, ಎರವಲು ಪಡೆಯುವುದು ಎನ್ನುವುದು ರೂಢಿ. ಈ ಮಾತು ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಸಾಲವೆಂದರೆ ತೀರಿಸಬೇಕು, ಇಲ್ಲಿ ತೀರಿಸುವುದು ಯಾವಾಗ? ಪಕ್ಕದ ಅಂಕಿ ಬೇರೆ ಯಾರದೋ ಸಂಖ್ಯೆಯೆಂಬ ಭಾವನೆಯೂ ಬರುತ್ತದೆ, ಆದರೆ ಐವತ್ತೂ ಎರಡೂ 52 ಎಂಬ ಒಂದೇ ಸಂಖ್ಯೆಯ ಭಾಗಗಳು. ಲಿಪಿಂಗ್ ಮಾ ಅವರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಶುರುವಾಗುವುದು ಇದೇ ಪಾಠದಿಂದ. ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಾಲಾ ಶಿಕ್ಷಕರನ್ನು ಅವರು ಮಾತಾಡಿಸಿದ್ದರು. ಅಮೆರಿಕದ ಶಿಕ್ಷಕರಲ್ಲಿ ಹೆಚ್ಚಿನವರು ಎರವಲಿನ ಹೆಜ್ಜೆಗಳನ್ನಷ್ಟೇ ವಿವರಿಸಿದರು. ಚೀನಾದ ಶಿಕ್ಷಕರಲ್ಲಿ ಹೆಚ್ಚಿನವರು ಮೇಲಿನ ಸ್ಥಾನದ ಒಂದು ಘಟಕವನ್ನು ಬಿಡಿಸುವುದು ಎಂಬ ಮಾತನ್ನು ಬಳಸಿ, ಅದನ್ನು ಸಂಕಲನದಲ್ಲಿ ಹತ್ತು ಬಿಡಿಗಳನ್ನು ಕಟ್ಟಿ ಒಂದು ಹತ್ತು ಮಾಡುವುದರ ಜೊತೆಗೆ ಜೋಡಿಸಿ ಹೇಳಿದರು. ಕನ್ನಡದಲ್ಲಿ ಕಟ್ಟು, ಬಿಡಿಸು ಎಂಬ ಜೋಡಿ ಕೈಗೆಟುಕುವಲ್ಲೇ ಇದೆ. ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ತೋರಿಸಿದ ಮೇಲೆ ಸಾಲದ ಮಾತು ಬೇಕಾಗುವುದೇ ಇಲ್ಲ.

52ರಿಂದ 27 ಕಳೆದು 35 ಎಂದು ಬರೆಯುವುದು ಜಗತ್ತಿನ ಎಲ್ಲೆಡೆ ಮಕ್ಕಳು ಮಾಡುವ ತಪ್ಪು. ಎರಡರಲ್ಲಿ ಏಳು ಹೋಗದಿದ್ದರೆ ಏಳರಲ್ಲಿ ಎರಡನ್ನು ಕಳೆದುಬಿಡುತ್ತಾರೆ. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ತೋರಿಸಿದಂತೆ ಇಂಥ ತಪ್ಪುಗಳು ಅಜಾಗರೂಕತೆಯಿಂದ ಆಗುವುದಲ್ಲ, ಮಗು ತಾನೇ ಕಟ್ಟಿಕೊಂಡ ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುವುದರ ಫಲ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಅದಕ್ಕೆ ಯಾರೋ ಹೇಳಿರುತ್ತಾರೆ. ಕೆಂಪು ಶಾಯಿಯಲ್ಲಿ ಗೆರೆ ಎಳೆಯುವ ಮೊದಲು ಶಿಕ್ಷಕರು ಆ ನಿಯಮ ಯಾವುದೆಂದು ಹುಡುಕಬೇಕು.

ಹಳೆಯ ಕಿರಾಣಿ ಅಂಗಡಿಗಳಲ್ಲಿ ಚಿಲ್ಲರೆ ಎಣಿಸುವ ರೀತಿ ಬರೆದು ಕಳೆಯುವ ಆ ಎರಡು ವಿಧಾನಗಳಿಗಿಂತ ಬೇರೆ. 365 ರೂಪಾಯಿ ಬಿಲ್ಲಿಗೆ ಗಿರಾಕಿ 500ರ ನೋಟು ಕೊಟ್ಟರೆ ಅಂಗಡಿಯವರು ಕಳೆಯುವುದೇ ಇಲ್ಲ. ಐದರ ನಾಣ್ಯ ಇಟ್ಟು ಮುನ್ನೂರ ಎಪ್ಪತ್ತು, ಹತ್ತರ ಮೂರು ನೋಟು ಇಟ್ಟು ನಾನೂರು, ನೂರರ ನೋಟು ಇಟ್ಟು ಐನೂರು ಎನ್ನುತ್ತಾರೆ. ಕೈಗೆ ಬಂದದ್ದು 135. ಕೊರತೆಯನ್ನು ತುಂಬುತ್ತಾ ಹೋಗುವ ಈ ಕ್ರಮವನ್ನೇ ಬರಹದ ಲೆಕ್ಕಕ್ಕೆ ತಂದದ್ದನ್ನು ಪಾಶ್ಚಾತ್ಯ ಶಿಕ್ಷಣಗ್ರಂಥಗಳು ಆಸ್ಟ್ರಿಯನ್ ವಿಧಾನ ಎಂದು ಕರೆಯುತ್ತವೆ.

ಭಾರತೀಯ ಗಣಿತದಲ್ಲಿ ವ್ಯವಕಲನದ ಸ್ಥಾನ ಎಲ್ಲ ಗ್ರಂಥಗಳಲ್ಲೂ ಒಂದೇ ಆಗಿರಲಿಲ್ಲ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಎಂಟು ಪರಿಕರ್ಮಗಳಲ್ಲಿ, ಅಂದರೆ ಮೂಲಕ್ರಿಯೆಗಳಲ್ಲಿ, ಮೊದಲೆರಡು ಸಂಕಲನ, ವ್ಯವಕಲನ. ಅದಕ್ಕೂ ಮುನ್ನೂರು ವರ್ಷ ಹಿಂದೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ರಚಿಸಿದ ಗಣಿತಸಾರಸಂಗ್ರಹದ ಕ್ರಮ ಬೇರೆ. ಅವನ ಎಂಟು ಪರಿಕರ್ಮಗಳು ಗುಣಾಕಾರದಿಂದ ಶುರುವಾಗುತ್ತವೆ. ಸಂಕಲಿತ, ವ್ಯುತ್ಕಲಿತಗಳು ಕೊನೆಯಲ್ಲಿ ಬರುತ್ತವೆ ಮತ್ತು ಅವು ಸಾಮಾನ್ಯ ಕೂಡು-ಕಳೆ ಅಲ್ಲ. ಸಂಕಲಿತವೆಂದರೆ ಶ್ರೇಢಿಯ ಮೊತ್ತ, ವ್ಯುತ್ಕಲಿತವೆಂದರೆ ಶ್ರೇಢಿಯ ಮೊದಲ ಕೆಲವು ಪದಗಳನ್ನು ತೆಗೆದ ಮೇಲೆ ಉಳಿದ ಪದಗಳ ಮೊತ್ತ. ಉದಾಹರಣೆಗೆ 2, 5, 8, 11, 14, 17 ಎಂಬ ಆರು ಪದಗಳ ಮೊತ್ತ 57. ಮೊದಲೆರಡು ಪದಗಳ ಮೊತ್ತ 7. ವ್ಯುತ್ಕಲಿತ 50, ಅದು ಉಳಿದ ನಾಲ್ಕು ಪದಗಳ ಮೊತ್ತವೇ. ಸಾಮಾನ್ಯ ಕೂಡು-ಕಳೆ ಓದುಗರಿಗೆ ಗೊತ್ತೇ ಇರುತ್ತದೆಂದು ಮಹಾವೀರ ಭಾವಿಸಿರಬೇಕು. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಲೆಕ್ಕದ ಪಾರಿಭಾಷಿಕ ಪದಗಳು ಕನ್ನಡ ಓದುಗರ ಬಳಕೆಗೆ ಬಂದ ದಾರಿಯಲ್ಲಿ ಆ ಕೃತಿಗೆ ದೊಡ್ಡ ಸ್ಥಾನವಿದೆ.

ಇಂದಿನ ಚಿಹ್ನೆಗಳು ಪದಗಳಿಗಿಂತ ಹೊಸವು, ಆದರೆ ಗುರುತು ಬಳಸುವ ರೂಢಿ ಹಳೆಯದು. ಈಜಿಪ್ಟಿನ ರಿಂಡ್ ಪಪೈರಸ್‌ನಲ್ಲಿ ನಡೆಯುವ ಕಾಲುಗಳ ಚಿತ್ರ ಕೂಡು-ಕಳೆಗಳನ್ನು ಸೂಚಿಸುತ್ತದೆ, ಕಾಲು ಯಾವ ಕಡೆಗೆ ನಡೆಯುತ್ತಿದೆ ಎಂಬುದರ ಮೇಲೆ ಕ್ರಿಯೆ ನಿಂತಿದೆ. ಭಾರತದ ಹಳೆಯ ಗಣಿತಗ್ರಂಥವಾದ ಬಕ್ಷಾಲಿ ಹಸ್ತಪ್ರತಿಯಲ್ಲಿ ಋಣಸಂಖ್ಯೆಯ ನಂತರ ಬರುವ ಗುರುತು ಇಂದಿನ ಕೂಡುವ ಚಿಹ್ನೆಯಂತೆಯೇ ಕಾಣುತ್ತದೆ. ಭಾಸ್ಕರಾಚಾರ್ಯ ಬೀಜಗಣಿತದಲ್ಲಿ ಋಣಸಂಖ್ಯೆಯ ತಲೆಯ ಮೇಲೆ ಒಂದು ಚುಕ್ಕೆ ಇಡುತ್ತಾನೆ. ಇಂದಿನ + ಮತ್ತು − ಮುದ್ರಣದಲ್ಲಿ ಮೊದಲು ಕಾಣಿಸಿಕೊಂಡದ್ದು ಯೋಹಾನೆಸ್ ವಿಡ್‌ಮನ್ 1489ರಲ್ಲಿ ಲೈಪ್‌ಜಿಗ್‌ನಲ್ಲಿ ಪ್ರಕಟಿಸಿದ ವ್ಯಾಪಾರಗಣಿತದ ಪುಸ್ತಕದಲ್ಲಿ. ಇಂಗ್ಲೆಂಡಿನಲ್ಲಿ ಅವುಗಳ ಬಳಕೆಯನ್ನು ಹರಡಿದವನು ರಾಬರ್ಟ್ ರೆಕಾರ್ಡ್, ಸಮ ಚಿಹ್ನೆಯನ್ನು 1557ರಲ್ಲಿ ಕೊಟ್ಟವನೂ ಅವನೇ.

ಮೂರರಲ್ಲಿ ಐದು ಹೋಗುತ್ತದೆಯೇ ಎಂಬ ಪ್ರಶ್ನೆ ಗಣಿತದ ಚರಿತ್ರೆಯಲ್ಲಿ ಬಹುಕಾಲ ಕಾಡಿದೆ. ಉಳಿಕೆಯ ಅರ್ಥವನ್ನಷ್ಟೇ ಹಿಡಿದುಕೊಂಡರೆ ಹೋಗುವುದಿಲ್ಲ ಎನ್ನಬೇಕು, ಮೂರು ಹಣ್ಣುಗಳಿಂದ ಐದನ್ನು ತೆಗೆಯಲಾಗದು. ಸಾಲದ ಅರ್ಥದಲ್ಲಿ ಮಾತ್ರ ಹೋಗುತ್ತದೆ: ಮೂರು ಕೈಯಲ್ಲಿದ್ದು ಐದು ಕೊಡಬೇಕಾದರೆ ಎರಡು ಸಾಲ. ಬ್ರಹ್ಮಗುಪ್ತ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಈ ದಾರಿಯನ್ನೇ ಹಿಡಿದು ಧನ, ಋಣ, ಶೂನ್ಯಗಳ ನಿಯಮಗಳನ್ನು ಕಟ್ಟಿದ. ಶೂನ್ಯದಿಂದ ಧನವನ್ನು ಕಳೆದರೆ ಋಣ, ಶೂನ್ಯದಿಂದ ಋಣವನ್ನು ಕಳೆದರೆ ಧನ. ಸಾಲ ಮನ್ನಾ ಆದವನ ಆಸ್ತಿ ಅಷ್ಟು ಹೆಚ್ಚಿತು ಎನ್ನುವುದು ಎರಡನೆಯ ನಿಯಮದ ತಿರುಳು. ಚೀನಾದಲ್ಲಿ ಇದಕ್ಕೂ ಮೊದಲೇ ಎಣಿಕೆಯ ಕಡ್ಡಿಗಳಲ್ಲಿ ಕೆಂಪನ್ನು ಧನಕ್ಕೂ ಕಪ್ಪನ್ನು ಋಣಕ್ಕೂ ಬಳಸುತ್ತಿದ್ದರು, ಲಿಯು ಹುಯಿ 263ರಲ್ಲಿ ಹಳೆಯ ಗಣಿತಗ್ರಂಥವೊಂದಕ್ಕೆ ಬರೆದ ವ್ಯಾಖ್ಯಾನದಲ್ಲಿ ಇದರ ವಿವರವಿದೆ. ಯುರೋಪು ಒಪ್ಪಿಕೊಳ್ಳಲು ತಡಮಾಡಿತು. ಹದಿನೆಂಟನೆಯ ಶತಮಾನದಲ್ಲೂ ಫ್ರಾನ್ಸಿಸ್ ಮಸೆರೆಸ್ ಋಣಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ವಾದಿಸಿದ್ದ. 1685ರಲ್ಲಿ ಜಾನ್ ವಾಲಿಸ್ ಕೊಟ್ಟ ವಿವರಣೆ ಹೆಚ್ಚು ಫಲಕಾರಿಯಾಯಿತು. ಐದು ಗಜ ಮುಂದೆ ಹೋಗಿ ಎಂಟು ಗಜ ಹಿಂದೆ ಬಂದವನು ಹೊರಟ ಜಾಗಕ್ಕಿಂತ ಮೂರು ಗಜ ಹಿಂದಿರುತ್ತಾನೆ. ಸಂಖ್ಯಾರೇಖೆ ಎಂದು ಇಂದು ಶಾಲೆಯಲ್ಲಿ ಎಳೆಯುವ ಗೆರೆಯ ಮೂಲಕಲ್ಪನೆ ಅಲ್ಲಿದೆ. ಒಮ್ಮೆ ಋಣಸಂಖ್ಯೆಗಳನ್ನು ಒಪ್ಪಿದರೆ ಕಳೆಯುವುದು ಬೇರೆ ಕ್ರಿಯೆಯಾಗಿ ಉಳಿಯುವುದಿಲ್ಲ, 13 − 5 ಎಂಬುದು 13ಕ್ಕೆ −5 ಕೂಡಿದಂತೆ.

ಹತ್ತಿರದ ಪದಗಳಲ್ಲಿ ಕೆಲವನ್ನು ಬಿಡಿಸಿ ನೋಡಬೇಕು. ಭಾಗಾಕಾರದ ಶೇಷವೂ ಕಳೆಯುವುದರಿಂದಲೇ ಬರುತ್ತದೆ: 17ರಿಂದ ಐದೈದಾಗಿ ಮೂರು ಸಲ ಕಳೆದರೆ ಎರಡು ಉಳಿಯುತ್ತದೆ, ಮೂರು ಭಾಗಲಬ್ಧ, ಎರಡು ಶೇಷ. ಮಹತ್ತಮ ಸಾಮಾನ್ಯ ಭಾಜಕವನ್ನು ಕಂಡುಹಿಡಿಯಲು ಯೂಕ್ಲಿಡ್ ಕೊಟ್ಟ ಕ್ರಮವೂ ಮೂಲದಲ್ಲಿ ಇದೇ, ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋಗುವುದು. 84, 36ರಿಂದ ಹೊರಟರೆ 48, 36, ಆಮೇಲೆ 12, 36, ಆಮೇಲೆ 12, 24, ಕೊನೆಗೆ 12, 12. ಶೇಕಡಾವಾರಿನ ವಿಷಯದಲ್ಲಿ ಎಚ್ಚರ ಬೇಕು. ಬಡ್ಡಿದರ ಶೇ 6ರಿಂದ ಶೇ 8ಕ್ಕೆ ಏರಿದರೆ ಅಂತರ 2 ಶೇಕಡಾ ಅಂಶ, ಹೆಚ್ಚಳ ಸುಮಾರು ಶೇ 33. ಸುದ್ದಿಯಲ್ಲಿ ಶೇ 2ರಷ್ಟು ಹೆಚ್ಚಳ ಎಂದು ಬರೆದರೆ ಓದುಗರಿಗೆ ತಪ್ಪು ಮಾಹಿತಿ ಕೊಟ್ಟಂತೆ.

ಅಂತರ ಮತ್ತು ಎಣಿಕೆ ಒಂದೇ ಎಂದುಕೊಳ್ಳುವುದು ಇನ್ನೊಂದು ತೊಡಕು. ಜೂನ್ 12ರಿಂದ 20ರವರೆಗೆ ರಜೆ ಎಂದರೆ 20 − 12 = 8 ದಿನವಲ್ಲ, ಎರಡೂ ದಿನ ಸೇರಿ 9. ಪುಟ 45ರಿಂದ 60ರವರೆಗೆ ಓದಿದವರು ಓದಿದ್ದು 16 ಪುಟ. ಇಸವಿಗಳಲ್ಲಿ ಸೊನ್ನೆ ಇಲ್ಲದಿರುವುದರಿಂದ ಕ್ರಿ.ಪೂ. 1ರಿಂದ ಕ್ರಿ.ಶ. 1ಕ್ಕೆ ಒಂದೇ ವರ್ಷ. ಶಾಸನಗಳ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವಾಗಲೂ ಇಂಥದೇ ಎಚ್ಚರ ಬೇಕು. ಅಂತರ ಯುಗಾದಿಯಿಂದ ಡಿಸೆಂಬರ್‌ವರೆಗೆ 78, ಜನವರಿಯಿಂದ ಯುಗಾದಿಯವರೆಗೆ 79. ಐಹೊಳೆಯ ರವಿಕೀರ್ತಿಯ ಶಾಸನದ ಶಕ 556ನ್ನು ಇತಿಹಾಸಕಾರರು ಕ್ರಿ.ಶ. 634–35 ಎಂದು ಜೋಡಿಯಾಗಿ ಬರೆಯುವುದು ಇದರಿಂದ.

ಯಂತ್ರಗಳು ಕಳೆಯುವ ಲೆಕ್ಕವನ್ನು ಕೂಡುವ ಲೆಕ್ಕವಾಗಿಸಿಕೊಂಡೇ ಮಾಡುತ್ತವೆ. 1642ರಲ್ಲಿ ಪಾಸ್ಕಲ್ ರೂಪಿಸಿದ ಯಂತ್ರದ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತಿದ್ದುದರಿಂದ ಅವನು ಪೂರಕ ಸಂಖ್ಯೆಯನ್ನು ಬಳಸಿದ. 743ರಿಂದ 286 ಕಳೆಯಲು ಮೊದಲು 286ರ ಪ್ರತಿ ಅಂಕಿಯನ್ನು ಒಂಬತ್ತರಿಂದ ಕಳೆದು 713 ಮಾಡಿಕೊಳ್ಳಬೇಕು. ಅದನ್ನು 743ಕ್ಕೆ ಕೂಡಿದರೆ 1456. ಮುಂದಿನ ಒಂದನ್ನು ತೆಗೆದು ಕೊನೆಗೆ ಕೂಡಿದರೆ 457. ಒಂಬತ್ತರಿಂದ ಕಳೆಯುವಾಗ ಯಾವ ಸ್ಥಾನದಲ್ಲೂ ಬಿಡಿಸುವ ಪ್ರಮೇಯ ಬರುವುದಿಲ್ಲ, ವಿಧಾನದ ಲಾಭ ಅದೇ. ಇಂದಿನ ಕಂಪ್ಯೂಟರ್‌ಗಳಲ್ಲಿ ಇದರ ದ್ವಿಮಾನ ರೂಪವಿದೆ. ಎಂಟು ಬಿಟ್‌ಗಳಲ್ಲಿ 5 ಎಂದರೆ 00000101. ಸೊನ್ನೆ-ಒಂದುಗಳನ್ನು ಅದಲುಬದಲು ಮಾಡಿ ಒಂದು ಕೂಡಿದರೆ 11111011, ಅದೇ −5. ಅದನ್ನು 13ರ 00001101ಕ್ಕೆ ಕೂಡಿ ಎಂಟು ಬಿಟ್ ದಾಟಿದ ಒಂದನ್ನು ಬಿಟ್ಟರೆ 00001000, ಅಂದರೆ 8.

ಯಂತ್ರದ ಲೆಕ್ಕದಲ್ಲಿ ವ್ಯವಕಲನ ಅಪಾಯ ತರುವ ಒಂದು ಸಂದರ್ಭವಿದೆ: ಹೆಚ್ಚುಕಡಿಮೆ ಸಮಾನವಾದ ಎರಡು ಸಂಖ್ಯೆಗಳನ್ನು ಕಳೆಯುವಾಗ. 10001ರ ವರ್ಗಮೂಲದಿಂದ 10000ದ ವರ್ಗಮೂಲವನ್ನು ಕಳೆಯಬೇಕೆಂದಿರಲಿ. ಐದೇ ಅಂಕಿಗಳಿಗೆ ಸರಿಹೊಂದಿಸಿದರೆ ಎರಡೂ 100.00, ಉತ್ತರ ಸೊನ್ನೆ. ನಿಜವಾದ ಉತ್ತರ 0.005ಕ್ಕೆ ತೀರ ಹತ್ತಿರದ್ದು. ಮುಂದಿನ ಅಂಕಿಗಳೆಲ್ಲ ಒಂದನ್ನೊಂದು ಅಳಿಸಿಹಾಕಿದವು, ಸರಿಹೊಂದಿಸುವಾಗ ಬಿಟ್ಟ ಭಾಗದಲ್ಲೇ ಉತ್ತರ ಇತ್ತು. ಎರಡು ವರ್ಗಮೂಲಗಳ ಅಂತರವು ಮೂಲಸಂಖ್ಯೆಗಳ ಅಂತರವನ್ನು ವರ್ಗಮೂಲಗಳ ಮೊತ್ತದಿಂದ ಭಾಗಿಸಿದ್ದಕ್ಕೆ ಸಮ ಎಂಬುದನ್ನು ಬಳಸಿದರೆ, ಅದೇ ಐದು ಅಂಕಿಗಳಲ್ಲಿ ಒಂದನ್ನು 200.00ರಿಂದ ಭಾಗಿಸಿ 0.005 ಪಡೆಯಬಹುದು. ಸಂಖ್ಯಾತ್ಮಕ ಗಣನೆಯ ಪುಸ್ತಕಗಳು ಇಂಥ ಕಡೆಗಳಲ್ಲಿ ಕಳೆಯುವ ಹೆಜ್ಜೆಯನ್ನು ಕೂಡುವ ಹೆಜ್ಜೆಯಾಗಿ ಬದಲಿಸಿ ಬರೆಯಲು ಹೇಳುತ್ತವೆ.